ಸ್ತನ ಇಂಪ್ಲಾಂಟ್: ಯಾವ ಬಗೆಯದು, ಎಷ್ಟು ಕಾಲದ್ದು, ಎಷ್ಟು ಸುರಕ್ಷಿತ?

ಪ್ರಶ್ನೆ: ನನಗೆ 46 ವರ್ಷ. ಎಡ ಸ್ತನದಲ್ಲಿ ಕ್ಯಾನ್ಸರ್ ಪತ್ತೆಯಾಗಿದ್ದು, ಸ್ತನವನ್ನು ಪೂರ್ತಿ ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಅದೇ ಶಸ್ತ್ರಚಿಕಿತ್ಸೆಯಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟು ಸ್ತನವನ್ನು ಮರಳಿ ರೂಪಿಸಬಹುದು ಎಂದೂ ಸೂಚಿಸಿದ್ದಾರೆ. ಇಂಪ್ಲಾಂಟಿನಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ಓದಿ ಗಾಬರಿಯಾಗಿದೆ. ನನ್ನ ಅಕ್ಕ 12 ವರ್ಷಗಳ ಹಿಂದೆ ಗಾತ್ರ ಹೆಚ್ಚಿಸಿಕೊಳ್ಳಲೆಂದು ಎರಡೂ ಕಡೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದಾಳೆ, ಅವಳಿಗೆ ಯಾವ ತೊಂದರೆಯೂ ಇಲ್ಲ. ನಾನು ಯಾವ ಬಗೆಯದನ್ನು ಆರಿಸಬೇಕು? ಅವಳು ತೆಗೆಸಿಬಿಡಬೇಕೇ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ, ಎರಡಕ್ಕೂ ಉತ್ತರ ಒಂದೇ ಅಲ್ಲ. ವಿವರಕ್ಕೆ ಹೋಗುವ ಮುಂಚೆ ನೇರವಾಗಿ ಹೇಳಿಬಿಡುತ್ತೇನೆ. ಯಾವ ತೊಂದರೆಯೂ ಇಲ್ಲದ ನಿಮ್ಮ ಅಕ್ಕ ಕೇವಲ ಭಯದಿಂದ ಇಂಪ್ಲಾಂಟ್ ತೆಗೆಸಬೇಕಾಗಿಲ್ಲ. ಆದರೆ ತಮ್ಮ ದೇಹದಲ್ಲಿರುವುದು ಯಾವ ಕಂಪನಿಯದು, ಅದರ ಹೊರಮೈ ನುಣುಪೋ ಒರಟೋ ಎಂಬುದನ್ನು ಅವರು ತಿಳಿದುಕೊಳ್ಳಲೇಬೇಕು, ಈವರೆಗೆ ಸ್ಕ್ಯಾನ್ ಮಾಡಿಸಿಲ್ಲವಾದರೆ ಒಮ್ಮೆ ಮಾಡಿಸಲೇಬೇಕು. ನೀವು ಇಂಪ್ಲಾಂಟನ್ನೇ ಆರಿಸುವುದಾದರೆ ನುಣುಪು ಮೈಯದನ್ನು ಕೇಳಿ ಎನ್ನುತ್ತೇನೆ. ಆದರೆ ನಿಮ್ಮ ಮಟ್ಟಿಗೆ ಬಗೆಯ ಆಯ್ಕೆಗಿಂತ ದೊಡ್ಡ ಪ್ರಶ್ನೆಯೆಂದರೆ, ಶಸ್ತ್ರಚಿಕಿತ್ಸೆಯ ಬಳಿಕ ರೇಡಿಯೇಷನ್ ಕೊಡಬೇಕಾಗುತ್ತದೆಯೇ ಎಂಬುದು.

ಇಂಪ್ಲಾಂಟ್ ಸುರಕ್ಷಿತವೇ ಎಂದು ಕೇಳಿದಾಗ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವವರನ್ನು ಅಷ್ಟಾಗಿ ನಂಬಬೇಡಿ. ಕಳೆದ ಅರವತ್ತು ಚಿಲ್ಲರೆ ವರ್ಷಗಳಲ್ಲಿ ಈ ಹೆಸರಿನಲ್ಲಿ ಮಾರಾಟವಾದ ವಸ್ತುಗಳು ಒಂದಕ್ಕಿಂತ ಒಂದು ಎಷ್ಟು ಬೇರೆಯೆಂದರೆ, ಒಂದರ ಮೇಲಿನ ದೂರನ್ನು ಇನ್ನೊಂದರ ತಲೆಗೆ ಕಟ್ಟುವುದೂ ತಪ್ಪು, ಒಂದಕ್ಕೆ ಸಿಕ್ಕ ಒಳ್ಳೆಯ ಹೆಸರನ್ನು ಇನ್ನೊಂದಕ್ಕೆ ಎರವಲು ಕೊಡುವುದೂ ತಪ್ಪು. ನೀವು ಓದಿ ಗಾಬರಿಯಾದ ಸಂಗತಿಗಳಲ್ಲಿ ಕೆಲವು ನಿಜ, ಕೆಲವು ಹಳೆಯ ಕಾಲದ ಉತ್ಪನ್ನಗಳಿಗೆ ಸಂಬಂಧಿಸಿದವು, ಕೆಲವು ಇನ್ನೂ ತೀರ್ಮಾನವಾಗದವು. ಇವನ್ನು ಬೇರ್ಪಡಿಸಿ ನೋಡಬೇಕಾದರೆ ಇವು ಬೆಳೆದು ಬಂದ ದಾರಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕಾಗುತ್ತದೆ.

ಸ್ತನವನ್ನು ಮರಳಿ ರೂಪಿಸುವ ಮೊದಲ ದಾಖಲಿತ ಪ್ರಯತ್ನ ಅಲಂಕಾರಕ್ಕಾಗಿ ನಡೆದದ್ದಲ್ಲ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿನ್ಸೆಂಟ್ಸ್ ಚೆರ್ನಿ ಎಂಬ ಶಸ್ತ್ರವೈದ್ಯರು, ಸ್ತನದ ಗಡ್ಡೆ ತೆಗೆದ ರೋಗಿಯೊಬ್ಬರ ಸೊಂಟದ ಭಾಗದಲ್ಲಿದ್ದ ಕೊಬ್ಬಿನ ಗಡ್ಡೆಯನ್ನೇ ತೆಗೆದು, ಖಾಲಿಯಾದ ಜಾಗಕ್ಕೆ ಕಸಿ ಮಾಡಿದರು. ರೋಗಿಯ ಸ್ವಂತ ಅಂಗಾಂಶವನ್ನೇ ಬಳಸುವ ಆ ದಾರಿ ಇಂದಿಗೂ ಇದೆ, ಮುಂದೆ ಅದರ ವಿಷಯಕ್ಕೆ ಬರುತ್ತೇನೆ. ಆದರೆ ಮುಂದಿನ ಆರು ದಶಕಗಳು ಸುಲಭದ ದಾರಿಗಳ ಹುಡುಕಾಟದಲ್ಲಿ ಕಳೆದವು, ಮತ್ತು ಅವುಗಳಲ್ಲಿ ಹೆಚ್ಚಿನವು ಹಾನಿಯಲ್ಲೇ ಮುಗಿದವು. ಕರಗಿಸಿದ ಪ್ಯಾರಫಿನ್ ಮೇಣವನ್ನು ಸೂಜಿಯಿಂದ ತುಂಬಿದರು. ಅದು ಗಂಟುಗಂಟಾಗಿ ಗಟ್ಟಿಯಾಗಿ ಚರ್ಮವನ್ನು ಹುಣ್ಣಾಗಿಸಿತು. 1950ರ ದಶಕದಲ್ಲಿ ಪಾಲಿವಿನೈಲ್ ಸ್ಪಂಜನ್ನು ಕತ್ತರಿಸಿ ಒಳಗಿಟ್ಟರು. ಅದರ ರಂಧ್ರಗಳೊಳಕ್ಕೆ ಅಂಗಾಂಶ ಬೆಳೆದು, ಸ್ಪಂಜು ಕುಗ್ಗಿ ಬಿರುಸಾಯಿತು. ಎರಡನೇ ಮಹಾಯುದ್ಧದ ಬಳಿಕ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ದ್ರವ ಸಿಲಿಕೋನನ್ನು ನೇರವಾಗಿ ಚುಚ್ಚಿದರು. ಅದು ಇಟ್ಟ ಜಾಗದಲ್ಲಿ ನಿಲ್ಲದೆ ಹರಿದು, ಸೋಂಕು ಮತ್ತು ಗಂಟುಗಳಿಗೆ ಕಾರಣವಾಗಿ, ಹಲವರ ಸ್ತನವನ್ನೇ ತೆಗೆಯಬೇಕಾಯಿತು. ಈ ಚುಚ್ಚುಮದ್ದು ಕೆಲವೆಡೆ ಈಗಲೂ ಕದ್ದುಮುಚ್ಚಿ ನಡೆಯುತ್ತದೆ. ಯಾರಾದರೂ ಆಪರೇಷನ್ ಬೇಡ, ಇಂಜೆಕ್ಷನ್ ಸಾಕು ಎಂದು ಸಿಲಿಕೋನ್ ಚುಚ್ಚಲು ಬಂದರೆ ಆ ಬಾಗಿಲಿನಿಂದಲೇ ವಾಪಸ್ಸು ಬರಬೇಕು.

ಹಾಗಾಗಿ ಸಿಲಿಕೋನನ್ನು ಬಿಡಿಬಿಡಿಯಾಗಿ ಬಿಡದೆ ಒಂದು ಚೀಲದಲ್ಲಿಟ್ಟು ಮುಚ್ಚುವ ಯೋಚನೆ ಹುಟ್ಟಿತು. ಅಮೆರಿಕದ ಹೂಸ್ಟನ್ ನಗರದ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಇಬ್ಬರು ಪ್ಲಾಸ್ಟಿಕ್ ಸರ್ಜನ್‌ಗಳು ಡೌ ಕಾರ್ನಿಂಗ್ ಕಂಪನಿಯ ನೆರವಿನಿಂದ ಅದನ್ನು ತಯಾರಿಸಿ, 1962ರಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಅಳವಡಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಟ್ಟ ರಕ್ತವನ್ನು ಕೈಯಲ್ಲಿ ಹಿಡಿದಾಗ ಗೆರೋ ಅವರಿಗೆ ಈ ಕಲ್ಪನೆ ಹೊಳೆಯಿತು ಎನ್ನುತ್ತಾರೆ. ಅವರ ಮೊದಲ ಇಂಪ್ಲಾಂಟಿಗೆ ದಪ್ಪ ಚೀಲ, ಅಂಚಿನಲ್ಲಿ ಬೆಸುಗೆಯ ಗೆರೆ, ಹಿಂಬದಿಯಲ್ಲಿ ಎದೆಗೂಡಿಗೆ ಅಂಟಿಕೊಳ್ಳಲೆಂದು ಡೇಕ್ರಾನ್ ಬಟ್ಟೆಯ ತುಂಡುಗಳು ಇದ್ದವು. ಅದು ಸುಲಭಕ್ಕೆ ಒಡೆಯುತ್ತಿರಲಿಲ್ಲ, ಆದರೆ ಸುತ್ತಲಿನ ಅಂಗಾಂಶ ಬಿಗಿದು ಸ್ತನ ಗಟ್ಟಿಯಾಗುವುದು ಸಾಮಾನ್ಯವಾಗಿತ್ತು.

ಗಟ್ಟಿಯಾಗುತ್ತದೆ ಎಂಬ ದೂರಿಗೆ ಪರಿಹಾರವಾಗಿ 1970ರ ದಶಕದಲ್ಲಿ ಚೀಲವನ್ನು ತೆಳುವಾಗಿಸಿ, ಒಳಗಿನ ಜೆಲ್ಲನ್ನು ಜೇನಿನಂತೆ ಹರಿಯುವಷ್ಟು ಸಡಿಲಗೊಳಿಸಿದರು. ಮುಟ್ಟಲು ಮೃದುವಾಯಿತು, ಜೊತೆಗೇ ಒಡೆಯುವುದೂ ಹೆಚ್ಚಿತು. ಒಡೆಯದಿದ್ದರೂ ಚೀಲದ ಮೂಲಕ ಸಿಲಿಕೋನಿನ ಸಣ್ಣ ಕಣಗಳು ಹೊರಕ್ಕೆ ಜಿನುಗತೊಡಗಿದವು. ಇಂದು ಹರಿದಾಡುವ ಭಯಾನಕ ಚಿತ್ರಗಳಲ್ಲಿ ಎಷ್ಟೋ ಈ ತಲೆಮಾರಿನ ಇಂಪ್ಲಾಂಟುಗಳವು. 1980ರ ದಶಕದಲ್ಲಿ ಚೀಲದ ಗೋಡೆಯೊಳಗೆ ಜಿನುಗುವಿಕೆ ತಡೆಯುವ ಪದರವನ್ನು ಸೇರಿಸಿದರು. 1990ರ ದಶಕದಿಂದೀಚೆಗೆ ಜೆಲ್ಲಿನ ಅಣುಸರಪಳಿಗಳನ್ನು ಪರಸ್ಪರ ಹೆಚ್ಚು ಹೆಣೆದು ಅದನ್ನು ಒಗ್ಗಟ್ಟಾಗಿ ನಿಲ್ಲುವಂತೆ ಮಾಡಿದ್ದಾರೆ. ಇಂಥ ಇಂಪ್ಲಾಂಟನ್ನು ನಡುವೆ ಕತ್ತರಿಸಿದರೂ ಜೆಲ್ ಹರಿದು ಚೆಲ್ಲುವುದಿಲ್ಲ, ಕತ್ತರಿಸಿದ ಅಂಚು ಹಾಗೆಯೇ ನಿಲ್ಲುತ್ತದೆ.

ಇದರ ನಡುವೆ ಒಂದು ಕಾನೂನಿನ ಕಥೆಯಿದೆ, ಅದನ್ನು ಬಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ 1976ರವರೆಗೆ ವೈದ್ಯಕೀಯ ಸಾಧನಗಳಿಗೆ ಮಾರಾಟಕ್ಕೂ ಮುನ್ನ ಅನುಮತಿ ಪಡೆಯಬೇಕೆಂಬ ನಿಯಮವೇ ಇರಲಿಲ್ಲ. ಆ ವರ್ಷ ಕಾನೂನು ಬಂದಾಗ ಅದಾಗಲೇ ಮಾರುಕಟ್ಟೆಯಲ್ಲಿದ್ದ ಇಂಪ್ಲಾಂಟುಗಳು ಹಾಗೆಯೇ ಮುಂದುವರಿದವು. ಸುರಕ್ಷತೆಯ ಪುರಾವೆ ಕೊಡಿ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊನೆಗೂ ಕೇಳಿದಾಗ ಕಂಪನಿಗಳ ಬಳಿ ಸಾಕಷ್ಟು ಮಾಹಿತಿ ಇರಲಿಲ್ಲ. 1992ರಲ್ಲಿ ಸಿಲಿಕೋನ್ ಜೆಲ್ ಇಂಪ್ಲಾಂಟುಗಳನ್ನು ಸ್ತನ ಮರುರೂಪಣೆ ಮತ್ತು ಅಧ್ಯಯನಗಳಿಗೆ ಮಾತ್ರ ಸೀಮಿತಗೊಳಿಸಲಾಯಿತು. ಇವುಗಳಿಂದ ಸಂಧಿವಾತ, ಲೂಪಸ್, ಸ್ಕ್ಲೆರೋಡರ್ಮಾದಂಥ ಕಾಯಿಲೆಗಳು ಬರುತ್ತವೆ ಎಂಬ ಸಾವಿರಾರು ದಾವೆಗಳ ಭಾರಕ್ಕೆ ಡೌ ಕಾರ್ನಿಂಗ್ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. ವಿಚಿತ್ರವೆಂದರೆ ಪುರಾವೆ ಬಂದದ್ದು ತೀರ್ಪುಗಳ ಹಿಂದಿನಿಂದ. 1994ರಲ್ಲಿ ಪ್ರಕಟವಾದ ಮೇಯೋ ಕ್ಲಿನಿಕ್ ಅಧ್ಯಯನ ಇಂಪ್ಲಾಂಟ್ ಇದ್ದ 749 ಮಹಿಳೆಯರನ್ನು, ಇಲ್ಲದ ಅದರ ಎರಡರಷ್ಟು ಮಹಿಳೆಯರೊಂದಿಗೆ ಹೋಲಿಸಿ ನೋಡಿ, ಆ ಕಾಯಿಲೆಗಳಲ್ಲಿ ಹೆಚ್ಚಳ ಕಾಣಲಿಲ್ಲ ಎಂದಿತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ದೇಹವ್ಯಾಪಿ ಕಾಯಿಲೆಗಿಂತ ಇಂಪ್ಲಾಂಟ್ ಇರುವ ಜಾಗದ ತೊಡಕುಗಳೇ ಮುಖ್ಯ ಸಮಸ್ಯೆ ಎಂದು ಹೇಳಿತು. 2006ರಲ್ಲಿ ಎರಡು ಕಂಪನಿಗಳ ಸಿಲಿಕೋನ್ ಇಂಪ್ಲಾಂಟುಗಳಿಗೆ ಮತ್ತೆ ಅನುಮತಿ ಸಿಕ್ಕಿತು.

ನಿಯಂತ್ರಣ ಸಂಸ್ಥೆಯ ಮುದ್ರೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದು ಹೇಳಲಾಗದು ಎಂಬುದನ್ನು ಫ್ರಾನ್ಸಿನ ಪಿಐಪಿ ಕಂಪನಿಯ ಪ್ರಕರಣ ತೋರಿಸಿತು. ಯುರೋಪಿನ ಅನುಮೋದನೆ ಪಡೆದಿದ್ದ ಆ ಕಂಪನಿ, ವೈದ್ಯಕೀಯ ದರ್ಜೆಯ ಜೆಲ್ಲಿಗೆ ಬದಲಾಗಿ ಅಗ್ಗದ ಕೈಗಾರಿಕಾ ಸಿಲಿಕೋನನ್ನು ತುಂಬುತ್ತಿತ್ತು. ತಪಾಸಣೆಯವರು ಬರುವುದು ಮೊದಲೇ ತಿಳಿದಿರುತ್ತಿದ್ದುದರಿಂದ ಅಷ್ಟರೊಳಗೆ ಅದನ್ನು ಮರೆಮಾಡುತ್ತಿತ್ತು. 2010ರಲ್ಲಿ ವಂಚನೆ ಬಯಲಾಗುವ ಹೊತ್ತಿಗೆ ಸುಮಾರು 3 ಲಕ್ಷ ಮಹಿಳೆಯರು ಆ ಇಂಪ್ಲಾಂಟುಗಳನ್ನು ಹಾಕಿಸಿಕೊಂಡಿದ್ದರು. ಸಂಸ್ಥಾಪಕ ಜಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಆ ಮಹಿಳೆಯರಲ್ಲಿ ಅನೇಕರಿಗೆ ತಮ್ಮೊಳಗಿರುವುದು ಯಾವ ಕಂಪನಿಯದು ಎಂಬುದೇ ಗೊತ್ತಿರಲಿಲ್ಲ. ನನಗೆ ಈ ಪ್ರಕರಣದಲ್ಲಿ ವಂಚನೆಯಷ್ಟೇ ಕಳವಳಕಾರಿಯಾಗಿ ಕಾಣುವುದು ಈ ಸಂಗತಿ.

ಇನ್ನು ಬಗೆಗಳ ವಿಚಾರ. ಮಾರಾಟದ ಹೆಸರುಗಳು ಎಷ್ಟೇ ಇರಲಿ, ನೋಡಬೇಕಾದದ್ದು ಒಳಗೆ ಏನು ತುಂಬಿದೆ, ಆಕಾರ ಯಾವುದು, ಹೊರಮೈ ಹೇಗಿದೆ ಎಂಬ ಮೂರನ್ನು ಮಾತ್ರ. ಒಳಗೆ ಸಿಲಿಕೋನ್ ಜೆಲ್ ಇರಬಹುದು ಅಥವಾ ಸಲೈನ್, ಅಂದರೆ ಉಪ್ಪುನೀರಿನ ದ್ರಾವಣ ಇರಬಹುದು. ಸಲೈನ್ ಎಂದರೆ ಸಿಲಿಕೋನ್ ಇಲ್ಲವೆಂದು ಅನೇಕರು ತಿಳಿದಿರುತ್ತಾರೆ. ಅದರ ಚೀಲವೂ ಸಿಲಿಕೋನ್ ರಬ್ಬರಿನದೇ. ಸಲೈನ್ ಇಂಪ್ಲಾಂಟನ್ನು ಖಾಲಿ ಚೀಲವಾಗಿ ಒಳಗಿಟ್ಟು ಆಮೇಲೆ ತುಂಬುವುದರಿಂದ ಗಾಯದ ಗೆರೆ ಚಿಕ್ಕದಾಗುತ್ತದೆ. ಅದು ಒಡೆದರೆ ಉಪ್ಪುನೀರನ್ನು ದೇಹ ಹೀರಿಕೊಂಡು ಸ್ತನ ಕೆಲವೇ ದಿನಗಳಲ್ಲಿ ಇಳಿದುಹೋಗುವುದರಿಂದ ಯಾವ ಸ್ಕ್ಯಾನೂ ಇಲ್ಲದೆ ಗೊತ್ತಾಗಿಬಿಡುತ್ತದೆ. ಆದರೆ ಮೇಲೆ ಹೊದಿಕೆಯಾಗುವ ಅಂಗಾಂಶ ತೆಳುವಿದ್ದರೆ ಅದರ ಮಡಿಕೆಗಳು ಕೈಗೆ ಸಿಗುತ್ತವೆ, ಕಣ್ಣಿಗೂ ಕಾಣಬಹುದು. ಸ್ತನವನ್ನು ಪೂರ್ತಿ ತೆಗೆದ ಬಳಿಕ ಉಳಿಯುವುದು ಚರ್ಮ ಮತ್ತು ತೆಳ್ಳನೆಯ ಕೊಬ್ಬಿನ ಪದರ ಮಾತ್ರವಾದ್ದರಿಂದ ಜೆಲ್ ಇಂಪ್ಲಾಂಟ್ ನಿಮಗೆ ಹೆಚ್ಚು ಸಹಜವಾಗಿ ಒಪ್ಪುತ್ತದೆ.

ಆಕಾರದಲ್ಲಿ ದುಂಡನೆಯದು ಮತ್ತು ಕೆಳಭಾಗ ತುಂಬಿಕೊಂಡ ಹನಿಯಾಕಾರದ್ದು ಎಂದು ಎರಡು. ಹನಿಯಾಕಾರದ್ದು ಒಳಗೆ ತಿರುಗಿಬಿಟ್ಟರೆ ಸ್ತನದ ರೂಪವೇ ಕೆಡುತ್ತದೆ, ಆದ್ದರಿಂದ ಅದು ಜಾಗ ಬಿಟ್ಟು ಕದಲದಂತೆ ಹಿಡಿಯಲು ಅದರ ಹೊರಮೈಯನ್ನು ಒರಟಾಗಿಸಲಾಗುತ್ತದೆ. ಆಕಾರದ ಆಯ್ಕೆ ಹೊರಮೈಯ ಆಯ್ಕೆಯನ್ನು ತಂತಾನೇ ಎಳೆದು ತರುವುದು ಹೀಗೆ. ಹಾಗಾಗಿ ಹನಿಯಾಕಾರದ್ದು ಬೇಕೆಂದು ಹೇಳುವ ಮುನ್ನ ಅದರ ಮೈ ಎಂಥದು ಎಂದು ಕೇಳಿ.

ಹೊರಮೈಯೇ ಇಂದಿನ ಸುರಕ್ಷತೆಯ ಚರ್ಚೆಯ ಕೇಂದ್ರ. ಒರಟು ಮೈಯನ್ನು ತಂದದ್ದು ಒಳ್ಳೆಯ ಉದ್ದೇಶಕ್ಕೇ. ದೇಹ ತನ್ನೊಳಗೆ ಬಂದ ಯಾವುದೇ ಹೊರವಸ್ತುವಿನ ಸುತ್ತ ನಾರಿನಂಥ ಅಂಗಾಂಶದ ತೆಳು ಕವಚವನ್ನು ಕಟ್ಟುತ್ತದೆ. ಇದು ರೋಗವಲ್ಲ, ಎಲ್ಲರಲ್ಲೂ ಆಗುವ ಕ್ರಿಯೆ. ಆ ಕವಚ ಕುಗ್ಗಿ ಬಿಗಿಯತೊಡಗಿದರೆ ಮಾತ್ರ ತೊಂದರೆ. ಒರಟು ಮೈ ಇದ್ದರೆ ಕವಚದ ನಾರುಗಳು ಒಂದೇ ದಿಕ್ಕಿಗೆ ಜೋಡಣೆಯಾಗದೆ ಬಿಗಿತ ಕಡಿಮೆಯಾಗಬಹುದು ಎಂಬ ನಿರೀಕ್ಷೆಯಿಂದ, ಮೊದಲು ಪಾಲಿಯುರಿಥೇನ್ ಫೋಮ್ ಹೊದಿಸಿ, ಆಮೇಲೆ ಸಿಲಿಕೋನ್ ಮೈಯಲ್ಲೇ ಸಣ್ಣ ಗುಳಿಗಳನ್ನು ಮೂಡಿಸಿ ಇಂಥವನ್ನು ತಯಾರಿಸಿದರು. ಮಾರುಕಟ್ಟೆಯ ಒರಟು ಮೈಗಳೆಲ್ಲ ಒಂದೇ ಪ್ರಮಾಣದವಲ್ಲ, ಗುಳಿಗಳ ಆಳ ಕಂಪನಿಯಿಂದ ಕಂಪನಿಗೆ ಬಹಳ ಬೇರೆ.

ಈಗ ನಿಮ್ಮ ಗಾಬರಿಯ ಮೂಲಕ್ಕೆ ಬರೋಣ. ಇಂಪ್ಲಾಂಟಿನಿಂದ ಸ್ತನ ಕ್ಯಾನ್ಸರ್ ಬರುವುದಿಲ್ಲ. ನಿಮಗಿರುವಂಥ ಕ್ಯಾನ್ಸರ್ ಇಂಪ್ಲಾಂಟ್ ಇರುವವರಲ್ಲಿ ಹೆಚ್ಚಾಗಿ ಕಂಡಿಲ್ಲ, ನಿಮ್ಮ ಕ್ಯಾನ್ಸರ್ ಮರುಕಳಿಸಲು ಅದು ಕಾರಣವಾಗುತ್ತದೆ ಎಂಬುದಕ್ಕೂ ಪುರಾವೆ ಇಲ್ಲ. ನೀವು ಓದಿರುವುದು ಬಹುಶಃ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾ ಎಂಬ ಬೇರೆಯದೇ ಕ್ಯಾನ್ಸರ್ ಬಗ್ಗೆ. ಇದು ಸ್ತನದ ಗ್ರಂಥಿಯಲ್ಲಿ ಹುಟ್ಟುವುದಿಲ್ಲ, ಇಂಪ್ಲಾಂಟಿನ ಸುತ್ತಲಿನ ಕವಚದಲ್ಲಿ ರೋಗನಿರೋಧಕ ಕೋಶಗಳಿಂದ ಹುಟ್ಟುತ್ತದೆ. ಮೊದಲ ಪ್ರಕರಣ 1997ರಲ್ಲಿ ವರದಿಯಾಯಿತು. ಎಫ್‌ಡಿಎ 2011ರಲ್ಲಿ ಈ ನಂಟಿನ ಬಗ್ಗೆ ಎಚ್ಚರಿಸಿತು, ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿತು. ಬಹುಪಾಲು ರೋಗಿಗಳಲ್ಲಿ ಇದ್ದದ್ದು ಅಥವಾ ಹಿಂದೆ ಇದ್ದದ್ದು ಒರಟು ಮೈಯ ಇಂಪ್ಲಾಂಟ್. 2019ರ ಜುಲೈ ವೇಳೆಗೆ ಎಫ್‌ಡಿಎ ಜಗತ್ತಿನಾದ್ಯಂತದ 573 ಪ್ರಕರಣಗಳನ್ನು ದಾಖಲಿಸಿತ್ತು, ಅವುಗಳಲ್ಲಿ 33 ಸಾವುಗಳು. 481 ಪ್ರಕರಣಗಳಲ್ಲಿ ಇದ್ದದ್ದು ಅಲರ್ಗನ್ ಕಂಪನಿಯ ಇಂಪ್ಲಾಂಟ್. ಆ ತಿಂಗಳು ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟುಗಳನ್ನೂ, ಚರ್ಮ ಹಿಗ್ಗಿಸಲು ಮೊದಲು ಇಡುವ ಚೀಲಗಳಾದ ಎಕ್ಸ್‌ಪಾಂಡರುಗಳನ್ನೂ ಜಗತ್ತಿನೆಲ್ಲೆಡೆ ಹಿಂದಕ್ಕೆ ಪಡೆಯಿತು. ಅದಕ್ಕೂ ಕೆಲ ತಿಂಗಳು ಮೊದಲೇ ಫ್ರಾನ್ಸ್ ಆಳವಾದ ಒರಟು ಮೈಯವನ್ನು ನಿಷೇಧಿಸಿತ್ತು.

ಸಂಭವ ಎಷ್ಟು ಎಂಬುದು ಮೈಯ ಒರಟುತನವನ್ನೂ ಲೆಕ್ಕ ಹಾಕಿದ ದೇಶವನ್ನೂ ಅವಲಂಬಿಸಿ ಬದಲಾಗುತ್ತದೆ. ಒರಟು ಮೈಯವು ಇರುವ ಸುಮಾರು 3,000 ಮಹಿಳೆಯರಲ್ಲಿ ಒಬ್ಬರಿಗೆ ಎಂಬಲ್ಲಿಂದ 30,000ಕ್ಕೆ ಒಬ್ಬರಿಗೆ ಎಂಬವರೆಗಿನ ಅಂದಾಜುಗಳು ಪ್ರಕಟವಾಗಿವೆ. ಅಪರೂಪವೇ ಸರಿ, ಆದರೆ ನುಣುಪು ಮೈಯದ್ದನ್ನು ಆರಿಸಿದರೆ ಬಹುಪಾಲು ತಪ್ಪಿಸಿಕೊಳ್ಳಬಹುದಾದ ಅಪಾಯವನ್ನು ಅಪರೂಪವೆಂಬ ಕಾರಣಕ್ಕೆ ಏಕೆ ಹೊರಬೇಕು ಎಂಬುದು ನನ್ನ ಪ್ರಶ್ನೆ. ನಿಮಗೆ ನುಣುಪು ಮೈಯದನ್ನು ಹೇಳಿದ್ದರ ಹಿಂದಿನ ಕಾರಣ ಇಷ್ಟೇ. ಕವಚದಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಮತ್ತು ಇತರ ಲಿಂಫೋಮಾಗಳು ಕಂಡ ಬೆರಳೆಣಿಕೆಯ ಪ್ರಕರಣಗಳ ಬಗ್ಗೆ 2022ರಲ್ಲಿ ಎಫ್‌ಡಿಎ ಮತ್ತೊಂದು ಎಚ್ಚರಿಕೆ ಕೊಟ್ಟಿದೆ. ಅವು ನುಣುಪು ಮೈಯವುಗಳ ಸುತ್ತಲೂ ಕಂಡಿವೆ. ಹಾಗಾಗಿ ನುಣುಪು ಎಂದರೆ ಅಪಾಯ ಶೂನ್ಯ ಎಂದು ನಾನು ಹೇಳುತ್ತಿಲ್ಲ.

ಈ ಲಿಂಫೋಮಾ ಗುಪ್ತವಾಗಿ ಬರುವ ರೋಗವಲ್ಲ ಎಂಬುದು ಸಮಾಧಾನದ ವಿಷಯ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ಎಂಟು ಹತ್ತು ವರ್ಷಗಳ ಬಳಿಕ, ಪೆಟ್ಟು ಬಿದ್ದಿರದಿದ್ದರೂ, ಒಂದು ಕಡೆಯ ಸ್ತನ ಇದ್ದಕ್ಕಿದ್ದಂತೆ ಊದಿಕೊಳ್ಳುತ್ತದೆ. ಇಂಪ್ಲಾಂಟಿನ ಸುತ್ತ ದ್ರವ ತುಂಬಿರುತ್ತದೆ. ಇಲ್ಲಿ ವೈದ್ಯರ ಕಡೆಯಿಂದಲೂ ಒಂದು ತಪ್ಪಾಗಬಹುದು: ಸೂಜಿಯಿಂದ ದ್ರವ ತೆಗೆದು, ಊತ ಇಳಿಯಿತೆಂದು ಆ ದ್ರವವನ್ನು ಚೆಲ್ಲಿಬಿಡುವುದು. ಹಾಗೆ ಮಾಡಬಾರದು. ಅಲ್ಟ್ರಾಸೌಂಡ್ ನೋಡಿಕೊಂಡು ಸಾಧ್ಯವಾದಷ್ಟು ದ್ರವವನ್ನು ತೆಗೆದು, ಕೋಶಪರೀಕ್ಷೆಗೂ ಸಿಡಿ30 ಎಂಬ ಗುರುತಿನ ಪರೀಕ್ಷೆಗೂ ಕಳಿಸಬೇಕು, ಮತ್ತು ಇಂಪ್ಲಾಂಟ್ ಸಂಬಂಧಿತ ಲಿಂಫೋಮಾದ ಅನುಮಾನವಿದೆ ಎಂದು ಚೀಟಿಯ ಮೇಲೆ ಬರೆದು ಕಳಿಸಬೇಕು. ರೋಗ ಕವಚದೊಳಗೇ ಇದ್ದಾಗ ಇಂಪ್ಲಾಂಟನ್ನೂ ಇಡೀ ಕವಚವನ್ನೂ ತೆಗೆದರೆ ಬಹುತೇಕರು ಗುಣವಾಗುತ್ತಾರೆ, ಕಿಮೊಥೆರಪಿಯೂ ಬೇಕಾಗುವುದಿಲ್ಲ.

ಲಿಂಫೋಮಾ ಸುದ್ದಿಯಾಗುತ್ತದೆ, ಆದರೆ ಮಹಿಳೆಯರನ್ನು ನಿಜವಾಗಿ ಮತ್ತೆ ಆಪರೇಷನ್ ಟೇಬಲ್ಲಿಗೆ ತರುವುದು ಮೇಲೆ ಹೇಳಿದ ಕವಚದ ಬಿಗಿತ ಮತ್ತು ಇಂಪ್ಲಾಂಟ್ ಒಡೆಯುವುದು. ಬಿಗಿತವನ್ನು ಬೇಕರ್ ಎಂಬವರ ಹೆಸರಿನ ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ: ಮೊದಲನೆಯದರಲ್ಲಿ ಸ್ತನ ಸಹಜವಾಗಿ ಮೃದುವಾಗಿರುತ್ತದೆ, ನಾಲ್ಕನೆಯದರಲ್ಲಿ ಗಟ್ಟಿಯಾಗಿ, ಆಕಾರ ಕೆಟ್ಟು, ನೋವೂ ಇರುತ್ತದೆ. ಇದಕ್ಕೆ ರಕ್ತ ಶೇಖರಣೆ, ರೇಡಿಯೇಷನ್ ಮುಂತಾದ ಕಾರಣಗಳಿದ್ದರೂ, ಇಂಪ್ಲಾಂಟಿನ ಮೈಗೆ ಅಂಟಿಕೊಂಡು ತೆಳು ಪೊರೆಯಂತೆ ಬದುಕುವ ಚರ್ಮದ ಸಾಮಾನ್ಯ ಬ್ಯಾಕ್ಟೀರಿಯಾಗಳ ಮೇಲೆ ಈಗ ಹೆಚ್ಚಿನ ಅನುಮಾನವಿದೆ. ಜ್ವರ ಕೀವು ಬರಿಸುವಷ್ಟು ಸೋಂಕಲ್ಲ ಅದು, ಆದರೆ ಕವಚವನ್ನು ವರ್ಷಗಟ್ಟಲೆ ಕೆರಳಿಸುತ್ತಿರಲು ಸಾಕು. ಹೀಗಾಗಿ ಇಂಪ್ಲಾಂಟ್ ಒಳಗಿಡುವ ಆ ಕೆಲವು ನಿಮಿಷಗಳಿಗೆ ಬಹಳ ಮಹತ್ವವಿದೆ. ಕಾಳಜಿಯುಳ್ಳ ಸರ್ಜನ್ ಪೊಟ್ಟಣವನ್ನು ಕೊನೆಯ ಗಳಿಗೆಯವರೆಗೆ ತೆರೆಸುವುದಿಲ್ಲ; ಹೊಸ ಗ್ಲೋವ್ಸ್ ಹಾಕಿಕೊಂಡು, ಒಳಗಿನ ಜಾಗವನ್ನು ಕ್ರಿಮಿನಾಶಕ ದ್ರಾವಣದಿಂದ ತೊಳೆದು, ಇಂಪ್ಲಾಂಟ್ ಚರ್ಮಕ್ಕೆ ತಾಗದಂತೆ ನುಣುಪಾದ ಕೊಳವೆಯ ಮೂಲಕ ಒಳಕ್ಕೆ ಜಾರಿಸುತ್ತಾರೆ, ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ.

ಒಡೆಯುವ ವಿಷಯದಲ್ಲಿ ಜೆಲ್ ಇಂಪ್ಲಾಂಟ್ ಮೋಸ ಮಾಡುತ್ತದೆ. ಚೀಲ ಹರಿದರೂ ಜೆಲ್ ಕವಚದೊಳಗೇ ನಿಲ್ಲುವುದರಿಂದ ಹೊರಗಿನಿಂದ ಏನೂ ತಿಳಿಯುವುದಿಲ್ಲ, ನುರಿತ ವೈದ್ಯರ ಕೈಗೂ ಸಿಗದಿರಬಹುದು. ಎಂಆರ್‌ಐ ಚಿತ್ರದಲ್ಲಿ ಕುಸಿದ ಚೀಲದ ಗೋಡೆ ಜೆಲ್ಲಿನ ನಡುವೆ ತೇಲುವ ಅಂಕುಡೊಂಕು ಗೆರೆಗಳಾಗಿ ಕಾಣುತ್ತದೆ. ಕವಚವನ್ನೂ ದಾಟಿ ಸಿಲಿಕೋನ್ ಹೊರಬಂದರೆ ಗಂಟುಗಳಾಗಬಹುದು, ಕಂಕುಳಿನ ದುಗ್ಧಗ್ರಂಥಿಗಳಲ್ಲಿ ಶೇಖರವಾಗಬಹುದು. ಹೀಗೆ ಊದಿದ ಗ್ರಂಥಿಯನ್ನು ಸ್ಕ್ಯಾನಿನಲ್ಲಿ ಕಂಡು ಕ್ಯಾನ್ಸರ್ ಹರಡಿದೆಯೆಂದು ತಪ್ಪಾಗಿ ಭಾವಿಸುವ ಸಾಧ್ಯತೆ ನಿಮ್ಮಂಥವರ ವಿಷಯದಲ್ಲಿ ಇರುವುದರಿಂದ, ಮುಂದೆ ಯಾವ ಸ್ಕ್ಯಾನಿಗೆ ಹೋದರೂ ಇಂಪ್ಲಾಂಟ್ ಇರುವುದನ್ನು ಮೊದಲೇ ಹೇಳಬೇಕು. ಜೆಲ್ ಇಂಪ್ಲಾಂಟ್ ಹಾಕಿಸಿಕೊಂಡ ಐದಾರು ವರ್ಷಗಳಿಗೆ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಗಳಿಗೊಮ್ಮೆ ಎಂಬುದು ಎಫ್‌ಡಿಎ 2021ರಲ್ಲಿ ಮಾರ್ಪಡಿಸಿದ ಸಲಹೆ.

ಇಂಪ್ಲಾಂಟ್ ಜೀವನಪರ್ಯಂತ ಉಳಿಯುವ ವಸ್ತುವಲ್ಲ. ಪ್ರತಿ ಹತ್ತು ವರ್ಷಕ್ಕೆ ಕಡ್ಡಾಯವಾಗಿ ಬದಲಿಸಬೇಕು ಎನ್ನುವುದೂ ಸರಿಯಲ್ಲ, ಒಮ್ಮೆ ಹಾಕಿಸಿದರೆ ಮುಗಿಯಿತು ಎನ್ನುವುದೂ ಸರಿಯಲ್ಲ. ಗಾತ್ರ ಹೆಚ್ಚಿಸಲು ಹಾಕಿಸಿಕೊಂಡ ಐವರಲ್ಲಿ ಒಬ್ಬರಿಗೆ, ಕ್ಯಾನ್ಸರ್ ಬಳಿಕ ಸ್ತನ ಮರುರೂಪಿಸಿಕೊಂಡ ಇಬ್ಬರಲ್ಲಿ ಒಬ್ಬರಿಗೆ ಹತ್ತು ವರ್ಷಗಳೊಳಗೆ ಅದನ್ನು ತೆಗೆಯಬೇಕಾಗಬಹುದು ಎಂದು ಎಫ್‌ಡಿಎ 2011ರಲ್ಲಿ ಅಂದಾಜಿಸಿತ್ತು. ನಿಮ್ಮ ನಿರ್ಧಾರಕ್ಕೆ ಲಿಂಫೋಮಾದ ಅಂಕಿಗಳಿಗಿಂತ ಈ ಎರಡನೆಯ ಅಂಕಿ ಹೆಚ್ಚು ಮುಖ್ಯ. 46ನೇ ವಯಸ್ಸಿನಲ್ಲಿ ಇಂಪ್ಲಾಂಟ್ ಇಡಿಸಿಕೊಳ್ಳುವವರು ಮುಂದೆ ಒಂದಾದರೂ ಶಸ್ತ್ರಚಿಕಿತ್ಸೆ ಬರಬಹುದೆಂದು ಲೆಕ್ಕ ಹಾಕಿಕೊಂಡೇ ಒಪ್ಪಬೇಕು.

ದಣಿವು, ಕೀಲುನೋವು, ಮರೆವು, ಕೂದಲು ಉದುರುವುದು ಮುಂತಾದ ಲಕ್ಷಣಗಳನ್ನು ಒಟ್ಟಾಗಿ ಇಂಪ್ಲಾಂಟ್ ಕಾಯಿಲೆ ಎಂದು ಕರೆಯುವುದನ್ನು ನೀವು ಕೇಳಿರಬಹುದು. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ, ಕಾರಣವೂ ಸ್ಥಾಪಿತವಾಗಿಲ್ಲ. ಸುಮಾರು ಒಂದು ಲಕ್ಷ ಮಹಿಳೆಯರ ಮಾಹಿತಿಯನ್ನು ಆಧರಿಸಿ 2018ರಲ್ಲಿ ಬಂದ ಅಧ್ಯಯನವೊಂದು ಕೆಲವು ಸ್ವಯಂನಿರೋಧಕ ಕಾಯಿಲೆಗಳೊಂದಿಗೆ, ಅಂದರೆ ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗುವ ಕಾಯಿಲೆಗಳೊಂದಿಗೆ, ನಂಟು ಕಾಣುತ್ತದೆ ಎಂದಿತು. ಅದರ ವಿಧಾನದ ಕೊರತೆಗಳನ್ನು ಎತ್ತಿ ಎಫ್‌ಡಿಎ ಆ ತೀರ್ಮಾನವನ್ನು ಒಪ್ಪಲಿಲ್ಲ. ಹಾಗೆಂದು ಈ ಮಹಿಳೆಯರ ಮಾತನ್ನು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಇಂಪ್ಲಾಂಟ್ ತೆಗೆದ ಬಳಿಕ ಅವರಲ್ಲಿ ಹಲವರು ಸುಧಾರಿಸಿದ್ದಾರೆ. ಥೈರಾಯ್ಡ್, ರಕ್ತಹೀನತೆ, ಸಂಧಿವಾತ ಮುಂತಾದ ಬೇರೆ ಕಾರಣಗಳನ್ನು ಮೊದಲು ಪರೀಕ್ಷಿಸಿ ನೋಡಿ, ಆಮೇಲೂ ತೆಗೆಸಬೇಕೆನ್ನುವವರಿಗೆ ತೆಗೆಯುವುದು ನ್ಯಾಯವಾದ ಚಿಕಿತ್ಸೆಯೇ. ಆದರೆ ಲಿಂಫೋಮಾದ ಅನುಮಾನ ಇಲ್ಲದಿದ್ದಾಗ ಕವಚವನ್ನು ಇಡಿಯಾಗಿ ಕಿತ್ತು ತೆಗೆದೇ ತೀರಬೇಕು ಎಂದು ಹೆದರಿಸುವವರ ಮಾತಿಗೆ ಆಧಾರವಿಲ್ಲ. ಪೂರ್ತಿ ತೆಗೆದವರಲ್ಲೂ ಭಾಗಶಃ ತೆಗೆದವರಲ್ಲೂ ಸುಧಾರಣೆ ಹೆಚ್ಚುಕಡಿಮೆ ಒಂದೇ ರೀತಿ ಕಂಡಿದೆ.

ಈಗ ನಿಮ್ಮ ನಿರ್ಧಾರ. ಕ್ಯಾನ್ಸರ್ ಸರ್ಜನ್, ರೇಡಿಯೇಷನ್ ತಜ್ಞರು ಮತ್ತು ಪ್ಲಾಸ್ಟಿಕ್ ಸರ್ಜನ್ ಮೂವರೂ ಒಟ್ಟಿಗೆ ನಿಮ್ಮ ವರದಿಗಳನ್ನು ನೋಡಿದ್ದಾರೆಯೇ ಎಂದು ಮೊದಲು ಕೇಳಿ. ಇಂಪ್ಲಾಂಟಿನ ಮೇಲೆ ರೇಡಿಯೇಷನ್ ಬಿದ್ದರೆ ಕವಚ ಬಿಗಿಯುವುದು, ಗಾಯ ಮಾಯದಿರುವುದು, ಸೋಂಕಾಗಿ ಇಂಪ್ಲಾಂಟನ್ನೇ ಕಳೆದುಕೊಳ್ಳುವುದು, ಎಲ್ಲವೂ ಗಣನೀಯವಾಗಿ ಹೆಚ್ಚುತ್ತವೆ. ತಂಬಾಕು ಸೇವನೆ ಮತ್ತು ಹತೋಟಿಯಲ್ಲಿಲ್ಲದ ಮಧುಮೇಹ ಇವನ್ನು ಇನ್ನಷ್ಟು ಹೆಚ್ಚಿಸುತ್ತವೆ. ರೇಡಿಯೇಷನ್ ಖಚಿತವಾಗಿ ಬೇಕೆಂದಾದರೆ ಹೊಟ್ಟೆಯ ಕೆಳಭಾಗದ ಚರ್ಮ ಮತ್ತು ಕೊಬ್ಬನ್ನು ರಕ್ತನಾಳಗಳ ಸಮೇತ ತಂದು ಸ್ತನ ರೂಪಿಸುವ ಡಿಐಇಪಿ ವಿಧಾನವನ್ನೋ, ಬೆನ್ನಿನ ಸ್ನಾಯುವನ್ನು ಬಳಸುವ ವಿಧಾನವನ್ನೋ ಪರಿಗಣಿಸುವುದು ಮೇಲು. ಆಪರೇಷನ್ ದೀರ್ಘ, ಚೇತರಿಕೆ ನಿಧಾನ, ಗಾಯದ ಗುರುತು ಎರಡು ಕಡೆ. ಆದರೆ ಅದು ನಿಮ್ಮದೇ ಅಂಗಾಂಶವಾದ್ದರಿಂದ ಒಡೆಯುವ, ಬದಲಿಸುವ ಮಾತೇ ಇಲ್ಲ.

ರೇಡಿಯೇಷನ್ ಬೇಡವಾದರೆ ಇಂಪ್ಲಾಂಟ್ ಒಳ್ಳೆಯ ಆಯ್ಕೆಯೇ. ಚರ್ಮ ಸಾಲುವಂತಿದ್ದರೆ ಒಂದೇ ಹಂತದಲ್ಲಿ ಇಡಬಹುದು. ಸಾಲದಿದ್ದರೆ ಮೊದಲು ಎಕ್ಸ್‌ಪಾಂಡರ್ ಎಂಬ ಚೀಲವನ್ನಿಟ್ಟು, ಹಲವು ವಾರಗಳ ಕಾಲ ಚರ್ಮದ ಮೂಲಕ ಸೂಜಿ ಚುಚ್ಚಿ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬಿ, ಜಾಗ ಹಿಗ್ಗಿದ ಮೇಲೆ ಇಂಪ್ಲಾಂಟ್ ಇಡುತ್ತಾರೆ. ಹೆಚ್ಚಿನ ಎಕ್ಸ್‌ಪಾಂಡರುಗಳ ಸೂಜಿ ಚುಚ್ಚುವ ಬಾಯಿಯಲ್ಲಿ ಅಯಸ್ಕಾಂತ ಇರುವುದರಿಂದ ಆ ಅವಧಿಯಲ್ಲಿ ಎಂಆರ್‌ಐ ಮಾಡಿಸುವಂತಿಲ್ಲ, ಬೇರಾವ ಕಾರಣಕ್ಕಾದರೂ ಎಂಆರ್‌ಐ ಬರೆದುಕೊಟ್ಟರೆ ಇದನ್ನು ನೆನಪಿಸಿ. ಎಕ್ಸ್‌ಪಾಂಡರಿನ ಹೊರಮೈ ಯಾವುದು ಎಂದು ಕೇಳುವುದನ್ನೂ ಮರೆಯಬೇಡಿ. ಏನನ್ನೂ ಇಡಿಸಿಕೊಳ್ಳದೆ, ಬ್ರಾ ಒಳಗೆ ಧರಿಸುವ ಕೃತಕ ಸ್ತನದಿಂದ ಅಥವಾ ಅದೂ ಇಲ್ಲದೆ ಇರುವುದು ಸಹ ಪೂರ್ಣ ಒಪ್ಪಿತ ಆಯ್ಕೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿಕೊಂಡು ಒಂದೆರಡು ವರ್ಷ ಬಿಟ್ಟು ತೀರ್ಮಾನಿಸಿದರೂ ತಡವೇನಲ್ಲ, ಬಾಗಿಲು ಮುಚ್ಚಿಹೋಗುವುದಿಲ್ಲ. ಮರುರೂಪಿಸಿದ ಸ್ತನದಲ್ಲಿ ಸ್ಪರ್ಶದ ಅರಿವು ಬಹುತೇಕ ಇರುವುದಿಲ್ಲ ಎಂಬುದನ್ನು ಮೊದಲೇ ಹೇಳದಿದ್ದರೆ ಆಮೇಲೆ ಬಹಳ ನಿರಾಶೆಯಾಗುತ್ತದೆ, ಅದಕ್ಕೆ ಇಲ್ಲೇ ಹೇಳುತ್ತಿದ್ದೇನೆ.

ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಕಂಪನಿಯ ಹೆಸರು, ಮಾದರಿ, ಗಾತ್ರ, ತಯಾರಿಕೆಯ ಬ್ಯಾಚ್ ಸಂಖ್ಯೆ ಮತ್ತು ಕ್ರಮಸಂಖ್ಯೆ ಮುದ್ರಿಸಿದ ಹಲವು ಸ್ಟಿಕ್ಕರುಗಳು ಬರುತ್ತವೆ. ಒಂದನ್ನು ಆಸ್ಪತ್ರೆಯ ಕಡತಕ್ಕೆ ಅಂಟಿಸುತ್ತಾರೆ, ಇನ್ನೊಂದನ್ನು ರೋಗಿಗೆ ಕೊಡುವ ಕಾರ್ಡಿಗೆ. ಆ ಕಾರ್ಡ್ ಕೈಗೆ ಬಂದ ಮೇಲೆಯೇ ಡಿಸ್ಚಾರ್ಜ್ ಆಗಿ, ಅದರ ಫೋಟೋ ತೆಗೆದು ಮನೆಯ ಇನ್ನೊಬ್ಬರ ಬಳಿಯೂ ಇಡಿ. ಪಿಐಪಿ ಪ್ರಕರಣದಲ್ಲೂ ಬಯೋಸೆಲ್ ಪ್ರಕರಣದಲ್ಲೂ ಕಾರ್ಡ್ ಇದ್ದವರಿಗೆ ಒಂದು ನಿಮಿಷದಲ್ಲಿ ಸಿಗುವ ಉತ್ತರ, ಇಲ್ಲದವರಿಗೆ ಸಿಗುವುದು ದುಸ್ತರವಾಗಿತ್ತು.

ನಿಮ್ಮ ಅಕ್ಕನವರು ಮೊದಲು ಹುಡುಕಬೇಕಾದದ್ದೂ ಅದನ್ನೇ. ಕಾರ್ಡ್ ಸಿಗದಿದ್ದರೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯಿಂದ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಲಿಖಿತವಾಗಿ ಕೇಳಬೇಕು. 12 ವರ್ಷಗಳ ಹಿಂದಿನ ಕಡತ ಸಿಗುವ ಸಾಧ್ಯತೆ ದಿನ ಕಳೆದಂತೆ ಕಡಿಮೆಯಾಗುತ್ತದೆ, ಆದ್ದರಿಂದ ಈ ವಾರವೇ ಕೇಳುವುದು ಒಳ್ಳೆಯದು. ಅದು ಹಿಂಪಡೆದ ಬಯೋಸೆಲ್ ಮೈಯದೇ ಆಗಿದ್ದರೂ, ಯಾವ ಲಕ್ಷಣವೂ ಇಲ್ಲದವರು ತೆಗೆಸಬೇಕಾಗಿಲ್ಲ ಎಂದೇ ಎಫ್‌ಡಿಎ 2019ರಲ್ಲಿ ಹೇಳಿದೆ, ಏಕೆಂದರೆ ತೆಗೆಯುವ ಶಸ್ತ್ರಚಿಕಿತ್ಸೆಗೂ ತನ್ನದೇ ಅಪಾಯಗಳಿವೆ, ಮತ್ತು ತೆಗೆಸಿದರೂ ಲಿಂಫೋಮಾದ ಸಂಭವ ಪೂರ್ತಿ ಇಲ್ಲವಾಗುತ್ತದೆ ಎನ್ನಲಾಗದು. ಆದರೂ ಆ ಆತಂಕದಲ್ಲಿ ನಿದ್ದೆ ಬಾರದೆಂದು ತೆಗೆಸಲು ಬಯಸುವವರನ್ನು ನಾನು ತಡೆಯುವುದಿಲ್ಲ.

ಜೆಲ್ ಇಂಪ್ಲಾಂಟ್ ಆಗಿದ್ದರೆ ಈಗ ಒಂದು ಅಲ್ಟ್ರಾಸೌಂಡ್, ಅದರಲ್ಲಿ ಅನುಮಾನ ಬಂದರೆ ಎಂಆರ್‌ಐ. ಒಡೆದಿರುವುದು ಕಂಡರೂ ಅದು ತುರ್ತು ಸ್ಥಿತಿಯಲ್ಲ. ಕೆಲವು ವಾರಗಳಲ್ಲಿ ದಿನ ಗೊತ್ತುಮಾಡಿ ತೆಗೆಸಿ, ಬದಲಿಗೆ ಹೊಸದನ್ನು ಇಡಿಸಬೇಕೋ ಬೇಡವೋ ಎಂದು ನಿಧಾನವಾಗಿ ಯೋಚಿಸಬಹುದು. ತೆಗೆದ ಇಂಪ್ಲಾಂಟಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ತಯಾರಕರ ಗುರುತು ಅಚ್ಚೊತ್ತಿರುವುದರಿಂದ ಕಡತ ಸಿಗದವರಿಗೆ ಮಾಹಿತಿ ಆಗ ಸಿಗಬಹುದು. ಇನ್ನೊಂದು ವಿಷಯ ನಿಮ್ಮ ರೋಗಕ್ಕೆ ಸಂಬಂಧಿಸಿದ್ದು. ತಂಗಿಗೆ 46ಕ್ಕೆ ಸ್ತನ ಕ್ಯಾನ್ಸರ್ ಬಂದಿರುವಾಗ ಅಕ್ಕನ ಮ್ಯಾಮೊಗ್ರಾಂ ತಪ್ಪಬಾರದು. ಇಂಪ್ಲಾಂಟ್ ಇದೆಯೆಂದು ತೆಗೆಯುವವರಿಗೆ ಮೊದಲೇ ಹೇಳಿದರೆ, ಅದನ್ನು ಎದೆಗೂಡಿನ ಕಡೆಗೆ ಒತ್ತಿ ಸ್ತನದ ಅಂಗಾಂಶವನ್ನಷ್ಟೇ ಮುಂದಕ್ಕೆಳೆದು ಹೆಚ್ಚುವರಿ ಚಿತ್ರಗಳನ್ನು ತೆಗೆಯುತ್ತಾರೆ. ನಿಮ್ಮ ಬಲ ಸ್ತನದ ಮ್ಯಾಮೊಗ್ರಾಂ ಸಹ ಪ್ರತಿ ವರ್ಷ ಎಂದಿನಂತೆ ನಡೆಯಬೇಕು; ಇಂಪ್ಲಾಂಟ್ ಇಡುವ ಎಡಭಾಗಕ್ಕೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ, ವೈದ್ಯರ ಕೈಪರೀಕ್ಷೆ ಮತ್ತು ಗಂಟೇನಾದರೂ ಸಿಕ್ಕರೆ ಅಲ್ಟ್ರಾಸೌಂಡ್ ಸಾಕು.